ಹೊಸ್ತಿಲಿಗೆ ಅಡ್ಡ ಮಲಗಿದ ಕಸಬರಿಗೆ

ನಮ್ಮ ಮನೆ ವಿಜಯಪುರದ ಗಾಂಧಿ ಚೌಕದ ಹಿಂದಿನ ಓಣಿಯಲ್ಲಿದೆ. ಬೆಳಗಿನ ತಿಕೋಟಾ ಬಸ್ಸು ಹಿಡಿಯಬೇಕಾದರೆ ನಾನು ದಿನವೂ ಚೌಕದ ಅರ್ಧ ವ್ಯಾಪಾರವನ್ನು ಮೈಗೆ ಸವರಿಕೊಂಡೇ ಹೋಗಬೇಕು: ಬಾಳೆಹಣ್ಣಿನ ಗಾಡಿ, ಬಳೆ ಅಂಗಡಿ, ನಿಂತಲ್ಲೇ ಗುರುಗುಟ್ಟುವ ಆಟೋಗಳು. ಮೂಲೆಯ ಅಂಗಡಿಯವನು ಬಾಗಿಲು ತೆಗೆದ ಕೂಡಲೇ ಕಸಬರಿಗೆಗಳ ಕಟ್ಟು ತಂದು ಹೊರಗೆ ನಿಲ್ಲಿಸುತ್ತಾನೆ. ಹೋದ ವರ್ಷದ ಮಾರ್ಚ್ ತಿಂಗಳಿನಿಂದ ಆ ಅಂಗಡಿ ಬಂತೆಂದರೆ ನಾನು ರಸ್ತೆಯ ಆಚೆ ಬದಿಗೆ ದಾಟುತ್ತೇನೆ. ಒಂದು ದಿನ ಅವನೇ ಕೂಗಿ ಕೇಳಿದ: “ಯಾಕ್ರೀ ಟೀಚರ್, ನನ್ನ ಮ್ಯಾಲ ಸಿಟ್ಟೇನ್ರಿ?”

ಅವನ ಮೇಲೆ ಸಿಟ್ಟಿಲ್ಲ. ನನಗೆ ಕಸಬರಿಗೆಯ ಮುಖ ನೋಡಲು ಸಂಕೋಚ. ಇದನ್ನು ನಡುರಸ್ತೆಯಲ್ಲಿ ಹೇಗೆ ಹೇಳುವುದು? ನಕ್ಕು ಬಸ್ಸಿಗೆ ಓಡಿದೆ. ಇಲ್ಲಿ ಹೇಳುತ್ತೇನೆ.

ನಾನು ತಿಕೋಟಾದ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಅದಕ್ಕೂ ಮೊದಲು ಆರು ವರ್ಷ ಬಬಲೇಶ್ವರದಲ್ಲಿದ್ದೆ. ಪದ್ಯ ಕಲಿಸುವ ನನ್ನ ಪದ್ಧತಿ ಹುಟ್ಟಿದ್ದು ಅಲ್ಲಿ. ಅಲ್ಲಿಯ ಒಂಬತ್ತನೇ ತರಗತಿಯಲ್ಲಿ ನಾಲ್ಕು ಮಂದಿ ಹುಡುಗರಿದ್ದರು. ನಾನು ಪ್ರಶ್ನೆ ಮುಗಿಸುವ ಮೊದಲೇ ಉತ್ತರ ಹೇಳುತ್ತಿದ್ದರು. ಪದ್ಯದಲ್ಲಿ ಹಕ್ಕಿ ಬಂದರೆ ‘ಹಕ್ಕಿ ಎಂದರೆ ಸ್ವಾತಂತ್ರ್ಯ’, ದೀಪ ಬಂದರೆ ‘ದೀಪ ಎಂದರೆ ಜ್ಞಾನ’. ಗೈಡಿನಲ್ಲಿ ಹಾಗೇ ಇತ್ತು. ಉಳಿದ ಮಕ್ಕಳು ಆ ನಾಲ್ವರ ಬಾಯಿ ನೋಡುತ್ತ ವರ್ಷ ಕಳೆಯುತ್ತಿದ್ದರು. ಅವರ ಬಾಯಿ ಕಟ್ಟಲೆಂದು ನಾನು ಮೂರು ಸುತ್ತು ಮಾಡಿದೆ. ಮೊದಲನೆಯದು ನೋಡುವ ಸುತ್ತು. ಪದ್ಯವನ್ನಾಗಲಿ ವಸ್ತುವನ್ನಾಗಲಿ ಎದುರಿಗೆ ಇಟ್ಟುಕೊಂಡು ಐದು ನಿಮಿಷ ಯಾರೂ ಮಾತಾಡಬಾರದು. ಎರಡನೆಯದು ಕೇಳುವ ಸುತ್ತು. ಬರೀ ಪ್ರಶ್ನೆ ಕೇಳಬೇಕು, ಯಾರೂ ಉತ್ತರ ಕೊಡಬಾರದು, ನಾನೂ ಕೊಡುವುದಿಲ್ಲ. ಮೂರನೆಯದು ಬರೆಯುವ ಸುತ್ತು. ಆ ನಾಲ್ವರು ಮೊದಲ ಸುತ್ತಿನಲ್ಲಿ ನೀರಿನಿಂದ ತೆಗೆದ ಮೀನಿನ ಹಾಗೆ ಒದ್ದಾಡಿದರು. ಆದರೆ ಅದೇ ವಾರ, ಎಮ್ಮೆ ಸಾಕುವ ಮನೆಯ ಒಬ್ಬ ಹುಡುಗ, ಅದುವರೆಗೆ ಹಾಜರಿಗೆ ಬಿಟ್ಟು ಬೇರೆ ಯಾವುದಕ್ಕೂ ಬಾಯಿ ತೆರೆಯದವನು, ಈ ನಾಲ್ಕು ಸಾಲು ಬರೆದು ತಂದ:

ಎಮ್ಮೆ ಹೋಯಿತು ಸಂತೆಗೆ,
ಹಗ್ಗ ಉಳಿಯಿತು ಗೂಟಕ್ಕೆ.
ಹಗ್ಗಕ್ಕೆ ಇನ್ನೂ ಗೊತ್ತಿಲ್ಲ,
ಸಂಜೆ ಎದ್ದು ನೋಡುತ್ತದೆ.

ಅಂದಿನಿಂದ ಮೂರು ಸುತ್ತು ನನಗೆ ದೇವರ ಮನೆಯ ಮಡಿಯಷ್ಟು ಕಟ್ಟುನಿಟ್ಟು. ತಿಕೋಟಾಕ್ಕೆ ಬರುವಾಗ ಆ ನಾಲ್ಕು ಸಾಲು ಮತ್ತು ಆ ನಿಯಮ ಎರಡನ್ನೂ ಚೀಲದಲ್ಲಿ ಹಾಕಿಕೊಂಡೇ ಬಂದೆ.

ತಿಕೋಟಾದ ಮಕ್ಕಳು ಹಗ್ಗದ ಪದ್ಯವನ್ನು ಬೇರೆಯೇ ಕಡೆಗೆ ಎಳೆದುಕೊಂಡು ಹೋದರು. ಕೇಳುವ ಸುತ್ತಿನಲ್ಲಿ ಒಬ್ಬ, ಎಮ್ಮೆಯನ್ನು ಹಗ್ಗ ಇಲ್ಲದೆ ಸಂತೆಗೆ ಹೊಡೆದುಕೊಂಡು ಹೋದದ್ದು ಹೇಗೆ ಎಂದು ಕೇಳಿದ. ಮೂರನೇ ಸುತ್ತು ಮುಗಿದು ಮಾತಿಗೆ ಬಿಟ್ಟ ಮೇಲೆ ಇನ್ನೊಬ್ಬ ಎದ್ದು, ಎಮ್ಮೆ ಮಾರಿದರೂ ಹಗ್ಗ ಮಾರುವುದಿಲ್ಲ, ಬಿಚ್ಚಿ ವಾಪಸ್ ತರುತ್ತಾರೆ, ಹಗ್ಗದ ಜೊತೆ ಲಕ್ಷ್ಮಿ ಹೋಗುತ್ತಾಳೆ ಎಂದು ತಿಳಿಸಿದ. ಹಾಗಾದರೆ ಲಕ್ಷ್ಮಿ ಮನೆಯಲ್ಲೇ ಉಳಿದಳಲ್ಲ, ಇದು ದುಃಖದ ಪದ್ಯ ಹೇಗಾಗುತ್ತದೆ ಎಂದು ತರಗತಿ ಎರಡು ಪಕ್ಷವಾಯಿತು. ಹಾಲಿನ ಡೇರಿಗೆ ಹಾಲು ಹಾಕುವ ಮನೆಯ ಹುಡುಗಿಯೊಬ್ಬಳು ಕುಳಿತಲ್ಲಿಂದಲೇ ಅಂದಳು: “ಲಕ್ಷ್ಮಿ ಉಳದಾಳ ಖರೆ, ಹಾಲ್ ಕೊಡಾಂವ್ರು ಯಾರು?” ಗಂಟೆ ಹೊಡೆದದ್ದು ಯಾರಿಗೂ ಕೇಳಲಿಲ್ಲ.

ಹಿಂದಿನ ಬೆಂಚಿನ ಕಿಟಕಿ ಪಕ್ಕದ ಒಬ್ಬ ಹುಡುಗಿ ಮಾತ್ರ ಅಂದೂ ಬಾಯಿ ತೆರೆಯಲಿಲ್ಲ. ಜೂನಿನಿಂದ ಫೆಬ್ರುವರಿಯವರೆಗೆ ಅವಳು ಕೈ ಎತ್ತಿದ್ದನ್ನು ನಾನು ನೋಡಿರಲಿಲ್ಲ. ಹೆದರಿಕೆಯ ಹುಡುಗಿಯಲ್ಲ, ಆಟದ ಬಯಲಿನಲ್ಲಿ ಎಲ್ಲರಿಗಿಂತ ಮುಂದೆ ಓಡುತ್ತಿದ್ದಳು. ತರಗತಿಯ ಒಳಗೆ ಬಂದ ಕೂಡಲೇ ಚಪ್ಪಲಿಯ ಜೊತೆ ಮಾತನ್ನೂ ಹೊರಗೆ ಬಿಟ್ಟು ಬರುತ್ತಿದ್ದಳು. ಅವಳ ಅವ್ವ ಶಾಲೆಯ ಹಿಂದಿನ ಮಣೂಕದ ಶೆಡ್ಡಿನಲ್ಲಿ ಕೆಲಸಕ್ಕಿದ್ದಳು. ಒಣದ್ರಾಕ್ಷಿಗೆ ನಮ್ಮ ಕಡೆ ಮಣೂಕ ಎನ್ನುತ್ತಾರೆ. ಹಗ್ಗದ ಪದ್ಯ ಓದಿದ ದಿನ ಪುಸ್ತಕ ತಿದ್ದುವಾಗ ಆ ಹುಡುಗಿಯ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಪೆನ್ಸಿಲಿನಲ್ಲಿ ಬರೆದ ಒಂದೇ ಸಾಲು ಸಿಕ್ಕಿತು: ‘ಹಗ್ಗಕ್ಕೆ ಯಾರು ಹೇಳಬೇಕು?’

ನಾನು ಸ್ಟಾಫ್ ರೂಮಿನಲ್ಲಿ ಅದನ್ನು ಎರಡು ಸಲ ಓದಿದೆ. ವರ್ಷ ಮುಗಿಯುವುದರೊಳಗೆ ಈ ಹುಡುಗಿಯ ಕೈ ಮೇಲೆತ್ತಿಸಬೇಕು ಎಂದು ಹಟ ಹುಟ್ಟಿತು. ಮಾರ್ಚ್ ಕೊನೆಗೆ ಬಬಲೇಶ್ವರದ ನನ್ನ ಹಳೆಯ ಶಾಲೆಯಲ್ಲಿ ಮಕ್ಕಳ ಕವಿಗೋಷ್ಠಿ ಇತ್ತು. ಅಲ್ಲಿ ಇವಳು ಓದಬೇಕು ಎಂದು ಮನಸ್ಸಿನಲ್ಲೇ ಹೆಸರು ಬರೆದುಬಿಟ್ಟೆ.

ಮಾರ್ಚ್ ಮೊದಲ ವಾರ ತರಗತಿಯನ್ನು ಶೆಡ್ಡಿಗೇ ಕರೆದುಕೊಂಡು ಹೋದೆ. ದಿನವೂ ಕಾಣುವ ವಸ್ತುವಿನ ಮೇಲೆ ಪದ್ಯ ಬರೆಸಬೇಕೆಂಬುದು ಯೋಜನೆ. ಅವಳ ಅವ್ವ ಇರುವ ಜಾಗ, ಅಲ್ಲಿಯಾದರೂ ಮಾತು ಬಂದೀತು ಎಂಬುದು ಒಳಗಿನ ಆಸೆ. ಶೆಡ್ಡಿನ ಮಾಲೀಕ ನಮ್ಮ ಹಳೆಯ ವಿದ್ಯಾರ್ಥಿಯ ತಂದೆ, ಧಾರಾಳವಾಗಿ ಒಪ್ಪಿದ. ಪದ್ಯ ಎಷ್ಟು ಬೇಕಾದರೂ ಬರೆಯಿರಿ, ಮಣೂಕ ಮಾತ್ರ ಬಾಯಿಗೆ ಹಾಕಬೇಡಿ ಎಂದ. ಮಕ್ಕಳು ಹೂಂ ಅಂದರು. ಆ ಹೂಂ ಎಷ್ಟು ಹೊತ್ತಿನದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಉದ್ದನೆಯ ಶೆಡ್ಡು. ಮೂರು ಕಡೆ ಗೋಡೆ ಇಲ್ಲ, ಹಸಿರು ಪರದೆ. ಒಳಗೆ ಒಂದರ ಮೇಲೊಂದು ತಂತಿಯ ಜಾಲರಿ ಕಟ್ಟಿ ಅದರ ಮೇಲೆ ದ್ರಾಕ್ಷಿ ಹರವಿದ್ದರು. ಕೆಳಗಿನ ಸಾಲಿನದು ಇನ್ನೂ ಹಸಿರು, ಮೇಲಿನದು ಆಗಲೇ ಸುಕ್ಕು. ಹೆಂಗಸರು ಪರದೆಯ ಆಚೆ, ಶೆಡ್ಡಿನ ಹಿಂದೆ ಕುಳಿತು ರೊಟ್ಟಿ ಬಿಚ್ಚಿದ್ದರು. ಶೆಡ್ಡಿನ ಕೊನೆಗೆ ತಗಡಿನ ಬಾಗಿಲಿನ ಒಂದು ಸಣ್ಣ ಕೋಣೆ. ಬಾಗಿಲು ಮುಚ್ಚಿತ್ತು, ಚಿಲಕ ಇರಲಿಲ್ಲ. ಹೊಸ್ತಿಲಿಗೆ ಅಡ್ಡವಾಗಿ ಒಂದು ಕಸಬರಿಗೆ ಬಿದ್ದಿತ್ತು.

ಬಿದ್ದಿತ್ತು ಎಂದು ಬರೆದೆ. ಆ ಹೊತ್ತಿಗೆ ನನಗೆ ಹಾಗೇ ಕಂಡದ್ದು. ಹೊಸ್ತಿಲ ಮೇಲೆ ಕಸಬರಿಗೆ ಬಿದ್ದರೆ ನಮ್ಮ ಮನೆಯಲ್ಲಿ ಅತ್ತೆ ಸುಮ್ಮನಿರುವವರಲ್ಲ. ಎತ್ತಿ ಮೂಲೆಗೆ ನಿಲ್ಲಿಸಬೇಕು. ಎತ್ತಿದೆ. ಎತ್ತಿದ ಮೇಲೆ ಅನಿಸಿತು, ಇದಕ್ಕಿಂತ ಒಳ್ಳೆಯ ವಸ್ತು ಎಲ್ಲಿ ಸಿಕ್ಕೀತು? ಪ್ರತಿ ಮನೆಯಲ್ಲೂ ಇದೆ, ಯಾರೂ ಅದರ ಕಡೆ ನೋಡುವುದಿಲ್ಲ. ಅದನ್ನು ಹಿಡಿದುಕೊಂಡೇ ಶೆಡ್ಡಿನ ಮುಂದಿನ ಬೇವಿನ ಮರದ ನೆರಳಿಗೆ ಬಂದೆ. ಮಕ್ಕಳು ಮಣ್ಣಿನಲ್ಲಿ ಸುತ್ತ ಕುಳಿತರು. ನಾನು ನಡುವೆ ನಿಂತು ಕಸಬರಿಗೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.

“ನೋಡುವ ಸುತ್ತು. ಐದು ನಿಮಿಷ. ಯಾರೂ ಮಾತಾಡಂಗಿಲ್ಲ.”

ಒಂದು ನಿಮಿಷವೂ ಆಗಿರಲಿಲ್ಲ, ಆ ಹುಡುಗಿ ಕೈ ಎತ್ತಿದಳು.

ಒಂಬತ್ತು ತಿಂಗಳಿಂದ ನಾನು ಕಾದ ಕೈ. ಮೊಣಕೈ ಪೂರ್ತಿ ನೆಟ್ಟಗಾಗಿತ್ತು. ನನಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಮುಖದಲ್ಲಿ ತೋರಿಸಬಾರದೆಂದು ಕಷ್ಟಪಟ್ಟೆ. ಆದರೂ ನಿಯಮ ನಿಯಮವೇ. ಹೇಳುವ ಮಾತು ಐದು ನಿಮಿಷ ಒಳಗಿದ್ದರೆ ಇನ್ನೂ ಹಣ್ಣಾಗುತ್ತದೆ ಎಂದುಕೊಂಡು ತುಟಿಯ ಮೇಲೆ ಬೆರಳಿಟ್ಟೆ. ಅವಳು ಒಂದು ಕ್ಷಣ ನನ್ನನ್ನು ನೋಡಿದಳು. ಕೈ ಇಳಿಸಿದಳು.

ಈಗಲೂ ಬಸ್ಸಿನಲ್ಲಿ ಕಣ್ಣು ಮುಚ್ಚಿದರೆ ಮೊದಲು ಬರುವುದು ಆ ಕೈ ಕೆಳಗೆ ಬರುವ ನೋಟ. ಹೊಗೆ ಆಮೇಲೆ ಬರುತ್ತದೆ.

ಐದು ನಿಮಿಷ ಮುಗಿಯಿತು. ಕೇಳುವ ಸುತ್ತು ಎಂದೆ. ಪ್ರಶ್ನೆಗಳು ಚೆನ್ನಾಗಿ ಬರತೊಡಗಿದವು. ಕಸಬರಿಗೆಗೆ ತನ್ನ ಕಸ ಹೊಡೆಯುವವರು ಯಾರು ಎಂದು ಒಬ್ಬ. ಅದು ಗಿಡವಾಗಿದ್ದಾಗ ಗಾಳಿಗೆ ಏನು ಮಾಡುತ್ತಿತ್ತು ಎಂದು ಇನ್ನೊಬ್ಬಳು. ಆಗ ಆ ಹುಡುಗಿ ಎದ್ದು ನಿಂತು ಕೇಳಿದಳು: “ಅದನ್ನ ಎತ್ತಿದವ್ರು ಬಾಗ್ಲಾ ತಗದು ಗಾಳಿ ಆಡಾಕ ಬಿಟ್ಟಾರೇನ್ರಿ?”

ನಾನು ಮೆಚ್ಚಿ ತಲೆಯಾಡಿಸಿ, ಉತ್ತರ ಬೇಡ, ಮುಂದಿನ ಪ್ರಶ್ನೆ ಎಂದೆ.

ಆ ಮಾತು ನನ್ನ ಕಿವಿಯಲ್ಲಿ ಎಷ್ಟು ಸಲ ತಿರುಗಿದೆಯೋ ಲೆಕ್ಕವಿಲ್ಲ. ಅವಳು ನನ್ನ ನಿಯಮ ಮುರಿಯದೆ, ಪ್ರಶ್ನೆಯ ರೂಪದಲ್ಲೇ ನನಗೆ ತಿಳಿಸಲು ನೋಡಿದ್ದಳು. ಇಷ್ಟು ಒಳ್ಳೆಯ ವಿದ್ಯಾರ್ಥಿನಿ ನನಗೆ ಮತ್ತೆ ಸಿಕ್ಕುವುದಿಲ್ಲ. ಇಷ್ಟು ಕೆಟ್ಟ ಟೀಚರ್ ಅವಳಿಗೂ ಸಿಕ್ಕದಿರಲಿ.

ಆ ಶೆಡ್ಡಿನಲ್ಲಿ ಒಂದು ಪದ್ಧತಿ ಇತ್ತು. ಮಣೂಕದ ಬಣ್ಣ ಹಳದಿಯಾಗಿ ನಿಲ್ಲಲೆಂದು ಅದನ್ನು ಕೋಣೆಯಲ್ಲಿ ಇಟ್ಟು, ಗಂಧಕ ಸುಟ್ಟು, ಬಾಗಿಲು ಮುಚ್ಚಿ ಹೊಗೆ ಕೊಡುತ್ತಾರೆ. ಹೊಗೆ ಹಾಕಿದವರು ಹೊಸ್ತಿಲಿಗೆ ಅಡ್ಡ ಕಸಬರಿಗೆ ಮಲಗಿಸುತ್ತಾರೆ. ಅದು ಮಲಗಿರುವವರೆಗೆ ಯಾರೂ ಒಳಗೆ ಹೋಗುವುದಿಲ್ಲ. ಬಾಗಿಲು ತೆರೆದು, ಹೊಗೆ ಹೋಗಿ, ಗಾಳಿ ಆಡಿದ ಮೇಲೆ ಹೊಗೆ ಹಾಕಿದವರೇ ಅದನ್ನು ಎತ್ತಬೇಕು. ಕೆಲಸಕ್ಕೆ ಬರುವವರಲ್ಲಿ ಓದು ಬಲ್ಲವರು ಕಡಿಮೆ. ಫಲಕ ಬರೆದು ತೂಗುಹಾಕುವುದಕ್ಕಿಂತ ಇದು ಗಟ್ಟಿ. ಊರಿನ ಸಣ್ಣ ಮಗುವಿಗೂ ಗೊತ್ತಿದ್ದ ಸಂಗತಿ. ಇಪ್ಪತ್ತು ವರ್ಷ ಓದಿ ಬಂದ ನನಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿದ್ದ ಮೂವತ್ತು ಚಿಲ್ಲರೆ ಮಕ್ಕಳ ಬಾಯಿಗೆ ನಾನೇ ಬೀಗ ಹಾಕಿದ್ದೆ.

ಹೆಂಗಸರ ಊಟ ಮುಗಿದಿತ್ತು. ಹುಡುಗಿಯ ಅವ್ವ ಸೆರಗಿಗೆ ಕೈ ಒರೆಸಿಕೊಂಡು, ಎರಡು ಖಾಲಿ ಬುಟ್ಟಿ ಹಿಡಿದು ಶೆಡ್ಡಿನ ಮೂಲೆ ತಿರುಗಿದಳು. ಅವಳಿಗೆ ಎಂಟು ದಿನದಿಂದ ನೆಗಡಿ. ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಹೊಸ್ತಿಲ ಮೇಲೆ ಕಸಬರಿಗೆ ಇಲ್ಲವೆಂದರೆ ಹೊಗೆ ಹೋಗಿದೆ, ಬಾಗಿಲನ್ನು ಗಾಳಿ ದೂಡಿ ಮುಚ್ಚಿದೆ ಎಂದು ತಿಳಿದಳು. ನಂಬಿ ಒಳಗೆ ಹೋದಳು.

ನನ್ನ ಸುತ್ತು ಇನ್ನೂ ನಡೆದಿತ್ತು. ಹುಡುಗಿ ಮಾತ್ರ ಕುಳಿತಿರಲಿಲ್ಲ. ಅವ್ವ ಮೂಲೆ ತಿರುಗಿದ್ದನ್ನು ಕಂಡಿದ್ದಳು. ಮಕ್ಕಳನ್ನು ದಾಟಿ ಓಡಿದಳು. ಆಟದ ಬಯಲಿನ ಓಟ. ನಾನು ಹಿಂದೆ ಓಡಿದೆ, ಕಸಬರಿಗೆ ಕೈಯಲ್ಲೇ.

ಬಾಗಿಲು ತೆರೆದಿತ್ತು. ಒಳಗೆ ಬೆಳ್ಳಗೆ ಮಬ್ಬು. ಒಮ್ಮೆಗೇ ಸಾವಿರ ಬೆಂಕಿಕಡ್ಡಿ ಗೀರಿದ ಹಾಗೆ ಮೂಗಿಗೂ ಕಣ್ಣಿಗೂ ಹೊಡೆಯಿತು. ಅವ್ವ ಒಳಗೆ ಮೊಣಕಾಲೂರಿ, ಒಂದು ಕೈ ನೆಲದ ಮೇಲೆ, ಒಂದು ಕೈ ಗಂಟಲ ಮೇಲೆ ಇಟ್ಟು ಬಾಗಿದ್ದಳು. ಕೆಮ್ಮೂ ಬರುತ್ತಿರಲಿಲ್ಲ. ಹುಡುಗಿ ಹೊಸ್ತಿಲಲ್ಲಿ ನಿಂತು, ಬಾವಿಗೆ ಧುಮುಕುವವರ ಹಾಗೆ ಒಮ್ಮೆ ಉಸಿರು ಎಳೆದುಕೊಂಡು, ಕಣ್ಣು ಮುಚ್ಚಿ ಒಳಗೆ ಹೋದಳು.

ನನ್ನಿಂದ ಅವಳಿಗೆ ನಾಲ್ಕು ಹೆಜ್ಜೆ. ನಾನು ಆ ನಾಲ್ಕು ಹೆಜ್ಜೆ ಇಡಲಿಲ್ಲ. ಇಡಬಾರದೆಂದು ತೀರ್ಮಾನಿಸಿ ನಿಂತದ್ದಲ್ಲ, ಕಾಲು ಬರಲಿಲ್ಲ. ಕಸಬರಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಪಾಠ ಮಾಡುವಾಗ ಹಿಡಿದ ಹಾಗೆಯೇ, ನಿಂತುಬಿಟ್ಟೆ. ಹುಡುಗಿ ಅವ್ವನ ಎರಡೂ ಬಗಲಿಗೆ ಕೈ ಹಾಕಿ ಹಿಂದೆ ಹಿಂದೆ ಎಳೆದುಕೊಂಡು ಬರುತ್ತಿದ್ದಳು. ಹೊಸ್ತಿಲಿಗೆ ಸಿಕ್ಕಿಕೊಂಡಳು. ಆಗ ನನ್ನ ಪಕ್ಕದಿಂದ ಒಬ್ಬ ಮುದುಕಿ ನುಗ್ಗಿ, ಒದ್ದೆ ಗೋಣಿಚೀಲ ಮುಖಕ್ಕೆ ಒತ್ತಿಕೊಂಡು, ಇಬ್ಬರನ್ನೂ ಒಂದೇ ಎಳೆತಕ್ಕೆ ಹೊರಗೆ ಹಾಕಿದಳು. ಬೆಳಿಗ್ಗೆ ಹೊಗೆ ಹಾಕಿದವಳು ಅವಳೇ.

ಎಲ್ಲ ಸೇರಿ ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ನನ್ನ ತಲೆಯಲ್ಲಿ ಅದು ಇನ್ನೂ ಮುಗಿದಿಲ್ಲ.

ನೀರು ಹೊಡೆದರು. ಅವ್ವನಿಗೆ ಕೆಮ್ಮು ಬಂತು. ಕೆಮ್ಮು ಇಷ್ಟು ಸುಂದರವಾದ ಶಬ್ದ ಎಂದು ನನಗೆ ಅಂದೇ ತಿಳಿದದ್ದು. ಹುಡುಗಿಯ ಕಣ್ಣು ಕೆಂಡವಾಗಿದ್ದವು, ಉಳಿದಂತೆ ಗಟ್ಟಿಯಾಗಿದ್ದಳು. ಮಾಲೀಕ ಜೀಪು ತಿರುಗಿಸಲು ಒಬ್ಬನಿಗೆ ಹೇಳಿ, ಮುದುಕಿಯ ಕಡೆ ತಿರುಗಿದ. ಕಸಬರಿಗೆ ಯಾಕೆ ಇಟ್ಟಿರಲಿಲ್ಲ ಎಂದು ಕೇಳಿದ. ಇಟ್ಟಿದ್ದೆ, ನನ್ನ ಕೈಯಾರೆ ಇಟ್ಟಿದ್ದೆ ಎಂದು ಅವಳು ಆಣೆ ಹಾಕಿದಳು.

“ಇಟ್ಟಿದ್ರ ಅದಕ್ಕೇನ್ ಕಾಲ್ ಬಂದಾವೇನ್ ಬೇ?”

ಅಷ್ಟರಲ್ಲಿ ನನ್ನ ಕೈಯಿಂದ ಅದು ಜಾರಿ ಗೋಡೆಯ ಪಕ್ಕ ಬಿದ್ದಿತ್ತು. ದೊಡ್ಡವರು ಯಾರೂ ನನ್ನ ಕೈ ನೋಡಿರಲಿಲ್ಲ. ಮಕ್ಕಳು ಓಡಿಬಂದು ಸುತ್ತ ನಿಂತಿದ್ದರು. ಅವರಿಗೆಲ್ಲ ಗೊತ್ತಿತ್ತು. ಒಬ್ಬರೂ ಮಾತಾಡಲಿಲ್ಲ. ಮೂವತ್ತು ಚಿಲ್ಲರೆ ಜೊತೆ ಕಣ್ಣು ನನ್ನ ಮೇಲೆ. ಅಷ್ಟು ಚೆನ್ನಾದ ನೋಡುವ ಸುತ್ತು ನಾನು ಎಂದೂ ಮಾಡಿಸಿರಲಿಲ್ಲ.

“ಅದಕ್ಕ ಕಾಲ್ ಬಂದಿಲ್ರಿ,” ಎಂದೆ. “ನಾನ ಎತ್ತೇನಿ. ಪದ್ಯ ಬರಸಾಕಂತ.”

ಮಾಲೀಕ ಟೊಪ್ಪಿಗೆ ತೆಗೆದು ಮತ್ತೆ ಹಾಕಿಕೊಂಡ. ಮುದುಕಿ ನನ್ನನ್ನು ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದಳು. ಬೈಗುಳ ಬರಲಿ ಎಂದು ಕಾಯುತ್ತಿದ್ದೆ.

“ಎತ್ತೂದು ಎತ್ತಿದ್ರಿ ಅಕ್ಕೋರ, ಅಂಗಳಾನರ ಹೊಡೀಬೇಕಿಲ್ಲೋ.”

ಯಾರೋ ಒಬ್ಬ ಹುಡುಗ ಫಕ್ಕನೆ ನಕ್ಕ. ನನಗೆ ಅಲ್ಲೇ ಅಳು ಬಂತು.

ವಿಜಯಪುರದ ಆಸ್ಪತ್ರೆಯಲ್ಲಿ ಅವ್ವನಿಗೆ ಮೂಗಿಗೆ ಮಾಸ್ಕ್ ಹಾಕಿದರು. ಸಂಜೆಯ ಹೊತ್ತಿಗೆ ಎದ್ದು ಕುಳಿತಳು. ಒಂದೆರಡು ದಿನ ಇದ್ದು ಹೋಗಲಿ, ಜೀವಕ್ಕೆ ಏನೂ ಇಲ್ಲ ಎಂದು ಡಾಕ್ಟರು ಹೇಳಿದರು. ನಾನು ಮಂಚದ ಪಕ್ಕದ ಸ್ಟೂಲಿನ ಮೇಲೆ ಕುಳಿತು, ಬಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ ಕ್ಷಮೆಯ ಮಾತನ್ನು ಹೇಳಲು ಹೋದೆ. ಅವಳು ಕೈಯಿಂದ ತಡೆದಳು. ದನಿ ಇನ್ನೂ ಒಡೆದಿತ್ತು.

“ಎಂಟ್ ದಿನದ ನೆಗಡಿ ಒಂದ ಸಲಕ್ಕ ಹೋತ್ ನೋಡ್ರಿ,” ಎಂದಳು. ನನ್ನ ಕಡೆ ವಾಲಿ, “ನನ್ನ ಮಗಳು ಕೈ ಎತ್ತಿದ್ಲಂತ. ಖರೇನ್ರಿ?”

“ಎತ್ತಿದ್ಲರಿ. ನಾನ ಇಳಿಸಿದ್ನಿ.”

“ಮನ್ಯಾಗೂ ಹಂಗ ಆಕಿ. ಬಾಯಿ ಬಿಡಾಕ ಮುಹೂರ್ತ ನೋಡತಾಳ.” ಅವಳು ಮಾಸ್ಕನ್ನು ಮತ್ತೆ ಮುಖಕ್ಕೆ ಹಿಡಿದು, ತೆಗೆದು, ಅಂದಳು: “ಆದದ್ದು ಆತು. ಇನ್ನೊಮ್ಮೆ ಎತ್ತೂ ಹಂಗ ಮಾಡ್ರಿ ಅಕ್ಕೋರ. ಇಲ್ಲಂದ್ರ ಎತ್ತಿದ್ದಕ್ಕ ಹಿಂಗಾತು ಅಂತ ಕುಂತಬಿಡತಾಳ.”

ನನ್ನ ತಪ್ಪಿಗೆ ಅವಳು ಹಾಕಿದ ದಂಡ ಅಷ್ಟೇ. ಅದು ಹಗುರವಲ್ಲ ಎಂದು ಮರುದಿನದಿಂದ ಗೊತ್ತಾಯಿತು.

ತರಗತಿಗೆ ಹೋಗಿ, ಇನ್ನು ಮೇಲೆ ಸುತ್ತುಗಳಿಲ್ಲ, ಯಾರು ಯಾವಾಗ ಬೇಕಾದರೂ ಮಾತಾಡಬಹುದು ಎಂದು ಸಾರಿದೆ. ಮುಂದಿನ ಬೆಂಚಿನ ವಾಚಾಳಿಗಳಿಗೆ ಹಬ್ಬವಾಯಿತು. ಹಿಂದಿನ ಬೆಂಚಿನ ಹುಡುಗಿ ಕೈಗಳನ್ನು ಡೆಸ್ಕಿನ ಕೆಳಗೆ ಇಟ್ಟುಕೊಂಡು ಕುಳಿತಳು. ಒಂದು ದಿನ, ಎರಡು ದಿನ, ಎಂಟು ದಿನ. ನಾನು ಅವಳ ಕಡೆ ನೋಡಿದರೆ ಅವಳು ಕಿಟಕಿಯ ಕಡೆ ನೋಡುತ್ತಿದ್ದಳು.

ಈ ನಡುವೆ ಮಕ್ಕಳೇ ಒಂದು ಹೊಸ ನಿಯಮ ಮಾಡಿದರು. ಯಾರಿಗಾದರೂ ನಿಜವಾಗಿ ಏನಾದರೂ ಹೇಳುವುದಿದ್ದರೆ ‘ಕಸಬರಿಗಿ’ ಎನ್ನಬೇಕು. ಆ ಮಾತು ಬಿತ್ತೆಂದರೆ ಟೀಚರ್ ಸಹಿತ ಎಲ್ಲರೂ ನಿಂತು ಕೇಳಬೇಕು. ನಾನು ತಲೆಬಾಗಿ ಒಪ್ಪಿದೆ. ಮೊದಲ ವಾರದಲ್ಲಿ ಅದು ಹನ್ನೊಂದು ಸಲ ಬಳಕೆಯಾಯಿತು. ಹತ್ತು ಸಲ ಮೂತ್ರಕ್ಕೆ, ಒಂದು ಸಲ ಬೋರ್ಡಿನ ಮೇಲೆ ನಾನು ಬರೆದಿದ್ದ ತಪ್ಪಿಗೆ. ಮುಖ್ಯೋಪಾಧ್ಯಾಯರು ಕಾರಿಡಾರಿನಲ್ಲಿ ಹೋಗುತ್ತ ಇದನ್ನು ಕೇಳಿ, ನಮ್ಮ ಶಾಲೆಯಲ್ಲಿ ಸ್ವಚ್ಛತೆಯ ಬಗ್ಗೆ ಜಾಗೃತಿ ಚೆನ್ನಾಗಿ ಬೆಳೆದಿದೆ ಎಂದು ಪಾಲಕರ ಸಭೆಯಲ್ಲಿ ಹೊಗಳಿದರು. ನಾನು ತಿದ್ದಲು ಹೋಗಲಿಲ್ಲ.

ಕವಿಗೋಷ್ಠಿಗೆ ಮೂರು ದಿನ ಉಳಿದಿತ್ತು. ಗಂಟೆ ಹೊಡೆದು ಎಲ್ಲರೂ ಹೊರಗೆ ಓಡಿದ ಮೇಲೆ ಹುಡುಗಿ ನನ್ನ ಟೇಬಲ್ಲಿನ ಹತ್ತಿರ ಬಂದು ನಿಂತಳು. ಮಡಚಿದ ಹಾಳೆ ಇಟ್ಟಳು. ನಾನು ಬಿಡಿಸಲು ಹೋದರೆ ಅದರ ಮೇಲೆ ಕೈ ಇಟ್ಟಳು.

“ನೋಡೂ ಸುತ್ತು ಯಾಕ ಬಿಟ್ರಿ ಟೀಚರ್?”

ಯಾಕೆ ಬಿಟ್ಟೆ ಎಂಬುದು ಅವಳಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

“ಎಲ್ಲಾರೂ ಒದರಾಕತ್ರ ನನಗ ಏನೂ ಕಾಣಂಗಿಲ್ರಿ,” ಎಂದಳು. “ಸುತ್ತ ಚಲೋ ಐತ್ರಿ. ಕೈ ಎತ್ತಿದ್ರ ಕೇಳ್ರಿ, ಅಷ್ಟ.”

ಅಷ್ಟೇ. ಬಿ.ಎಡ್. ಓದುವಾಗ ಇದನ್ನು ಯಾರೂ ನನಗೆ ಇಷ್ಟು ಚಿಕ್ಕದಾಗಿ ಹೇಳಿರಲಿಲ್ಲ. ಮರುದಿನ ನೋಡುವ ಸುತ್ತು ವಾಪಸ್ ಬಂತು. ವಾಚಾಳಿಗಳು ಮುಖ ಸಿಂಡರಿಸಿದರು. ಹಾಳೆಯಲ್ಲಿದ್ದ ಅವಳ ಪದ್ಯ ಗೋಷ್ಠಿಯ ಪಟ್ಟಿಗೆ ಸೇರಿತು.

ಬಬಲೇಶ್ವರಕ್ಕೆ ಜೀಪಿನಲ್ಲಿ ಹೋದೆವು. ಐದು ಮಕ್ಕಳು, ನಾನು, ಮತ್ತು ಹುಡುಗಿಯ ಅವ್ವ. ಆ ದಿನ ಕೆಲಸ ಬಿಟ್ಟು, ಮಡಿಸಿಟ್ಟ ಇಳಕಲ್ ಸೀರೆ ಉಟ್ಟು ಬಂದಿದ್ದಳು. ನನ್ನ ಹಳೆಯ ಶಾಲೆಯ ಸಭಾಂಗಣದಲ್ಲಿ ಫ್ಯಾನುಗಳು ಹಿಂದಿನ ಹಾಗೆಯೇ ಗಾಳಿಗಿಂತ ಸದ್ದು ಜಾಸ್ತಿ ಕೊಡುತ್ತಿದ್ದವು. ಸ್ವಾಗತವಾಯಿತು, ಹಾರವಾಯಿತು, ಅತಿಥಿಗಳು ಕವಿತೆ ಎಂದರೇನು ಎಂದು ಮುಕ್ಕಾಲು ಗಂಟೆ ವಿವರಿಸಿದರು. ನಮ್ಮ ಹುಡುಗನೊಬ್ಬ ನನ್ನ ಕಿವಿಯಲ್ಲಿ ಮೆಲ್ಲಗೆ ‘ಕಸಬರಿಗಿ’ ಎಂದ. ಅವನ ತೊಡೆ ಚಿವುಟಿದೆ.

ಹುಡುಗಿಯ ಸರದಿ ಬಂತು. ವೇದಿಕೆ ಹತ್ತಿದಳು. ಮೈಕು ಅವಳ ಹಣೆಯ ಎತ್ತರಕ್ಕಿತ್ತು. ನಿರೂಪಕಿ ಬಂದು ಬಗ್ಗಿಸಿ ಹೋದಳು. ಹಾಳೆ ಬಿಡಿಸಿದಳು. ಓದಲಿಲ್ಲ. ಸಭೆಯಲ್ಲಿ ಗುಸುಗುಸು ಎದ್ದಿತು. ನಿರೂಪಕಿ ಹತ್ತಿರ ಹೋಗಿ, ಓದಮ್ಮ, ಹೆದರಬೇಡ ಎಂದಳು. ಪಕ್ಕದಲ್ಲಿ ಕುಳಿತ ಅವ್ವ ನನ್ನ ಮಣಿಕಟ್ಟು ಹಿಡಿದಳು.

ಆಗ ಅವಳು ಕೈ ಎತ್ತಿದಳು. ಮೈಕಿನ ಮುಂದೆ, ಅಷ್ಟು ಜನರ ಎದುರಿಗೆ, ತರಗತಿಯಲ್ಲಿ ಎತ್ತುವ ಹಾಗೆ, ಮೊಣಕೈ ನೆಟ್ಟಗೆ ಮಾಡಿ. ಕಣ್ಣು ಐದನೇ ಸಾಲಿನಲ್ಲಿದ್ದ ನನ್ನ ಮೇಲೆ.

ಈ ಸಲ ಕಾಲು ಬಂತು. ಎದ್ದು ನಿಂತೆ.

“ಹೇಳವ್ವಾ,” ಎಂದೆ. ಸ್ವಲ್ಪ ಜೋರಾಗಿಯೇ ಬಂದಿರಬೇಕು. ಅತಿಥಿಗಳು ಕುರ್ಚಿಯಲ್ಲಿ ತಿರುಗಿ ನೋಡಿದರು.

ಅವಳು ಕೈ ಇಳಿಸಿ ಓದಿದಳು:

ಹೊಸ್ತಿಲಿಗೆ ಅಡ್ಡ ಮಲಗಿದವಳೇ,
ನಿನಗೆ ನಿದ್ದೆ ಬರುತ್ತದೆಯೇ?
ಒಳಗೆ ಹೊಗೆ, ಹೊರಗೆ ಅವ್ವ,
ನಡುವೆ ನೀನೊಬ್ಬಳೇ.

ನಿನ್ನನ್ನು ಎತ್ತಿ ನೆರಳಿಗೆ ತಂದರು,
ಎಲ್ಲರೂ ನೋಡಿದರು ನಿನ್ನನ್ನು.
ನೀನು ಮಾತ್ರ ಅಲ್ಲಿಂದಲೇ
ಬಾಗಿಲು ನೋಡುತ್ತಿದ್ದೆಯಾ?

ಚಪ್ಪಾಳೆ ಬಂತು. ಬಹುಮಾನ ಬರಲಿಲ್ಲ, ಅದು ಯಾರಿಗೋ ಹಕ್ಕಿಯ ಪದ್ಯಕ್ಕೆ ಹೋಯಿತು. ಸಭೆಯ ಬಹಳ ಜನಕ್ಕೆ ಇದು ಏನು ಎಂದು ತಿಳಿದಿರಲಿಕ್ಕಿಲ್ಲ. ತಿಳಿಯಬೇಕಾದ ಇಬ್ಬರು ಐದನೇ ಸಾಲಿನಲ್ಲಿ ಅಕ್ಕಪಕ್ಕ ಕುಳಿತು ಒಂದೇ ಕರವಸ್ತ್ರದಲ್ಲಿ ಕಣ್ಣು ಒರೆಸಿಕೊಳ್ಳುತ್ತಿದ್ದೆವು.

ವಾಪಸ್ ಬರುವಾಗ ಜೀಪಿನಲ್ಲಿ ಹುಡುಗಿ ಕಿಟಕಿಯ ಪಕ್ಕ ಕುಳಿತಿದ್ದಳು. ಒಬ್ಬ ಹುಡುಗ, ಕಸಬರಿಗೆ ಹೆಣ್ಣು ಎಂದು ನಿನಗೆ ಯಾರು ಹೇಳಿದರು ಎಂದು ಕಾಡುತ್ತಿದ್ದ. ಅವಳು ಉತ್ತರ ಕೊಟ್ಟಳು, ಅವನು ಮರುಪ್ರಶ್ನೆ ಹಾಕಿದ, ಅವಳು ಅದಕ್ಕೂ ಕೊಟ್ಟಳು. ಊರು ಹತ್ತಿರ ಬಂದಾಗ ಅವ್ವ ನನ್ನ ಕಡೆ ಬಾಗಿ, ಮಗಳಿಗೂ ಕೇಳಿಸುವಷ್ಟು ಗಟ್ಟಿಯಾಗಿ ಅಂದಳು:

“ಕಸಬರಿಗಿ ಮ್ಯಾಲ ಇಷ್ಟ ಬರದಾಳಲ್ರಿ, ಮನ್ಯಾಗ ಒಂದ ದಿನಾ ಹಿಡದಿಲ್ಲ.”